ಒಂದ ತಾಸಿನ ಬೆಲೆ ಎಷ್ಟ್ರೀ? ಮಣಿ ನೇಯ್ಗಿ ಬಗ್ಗೆ ಓದುಗರ ಪ್ರಶ್ನೆ, ಕಲಬುರಗಿ ಟೀಚರ್ ಉತ್ತರ

ಹೋದ ಸಂಚಿಕೆಯಾಗ ಮಣಿ ನೇಯ್ಗಿ, ಅಂದ್ರ ಸೂಜಿ ದಾರಲೆ ಸಣ್ಣ ಮಣಿ ಒಂದಕ್ಕೊಂದ ಹೆಣಿಯೋ ಕೆಲಸದ ಬಗ್ಗೆ ಏನ ಬೇಕಾದ್ರೂ ಕೇಳ್ರಿ ಅಂದಿದ್ದೆ, ಪತ್ರ ಭಾಳ ಬಂದಾವ, ವಾಟ್ಸಾಪ್ ಮ್ಯಾಲ ಫೋಟೋನೂ ಬಂದಾವ. ಎಲ್ಲಾಕ್ಕೂ ಇಲ್ಲಿ ಉತ್ತರ ಕೊಡ್ಲಿಕ್ಕೆ ಜಾಗ ಸಾಲಲ್ಲ. ರೇಟಿನ ಪ್ರಶ್ನೆ ಮೊದಲ ತಗೊಂಡೀನಿ, ಯಾಕಂದ್ರ ಅರ್ಧ ಪತ್ರ ಅದರ ಮ್ಯಾಲೇ ಅದಾವ.

ಪ್ರಶ್ನೆ: ಅಕ್ಕೋರೇ, ಮನ್ಯಾಗ ಕೂತು ಮಣಿ ಬ್ರೇಸ್ಲೆಟ್ ಮಾಡ್ತೀನಿ. 600 ರೂಪಾಯಿ ಅಂದ್ರ ಓಣ್ಯಾಗಿನವರು ಬಜಾರದಾಗ 80ಕ್ಕ ಸಿಗ್ತದಲ್ಲ ಅಂತಾರ. ಮನಿಯವರು ಟೈಮ್‌ಪಾಸ್ ಕೆಲಸಕ್ಕ ಅಷ್ಟ್ಯಾಕ ರೊಕ್ಕ ಅಂತಾರ. ರೇಟು ಹ್ಯಾಂಗ ಹಚ್ಚಬೇಕ್ರೀ?
(ಗೃಹಿಣಿ, ಕಲಬುರಗಿ)

ಉತ್ತರ: ನಿಮ್ಮ ಫೋಟೋ ನೋಡ್ದೆ, ಪೆಯೋಟ್ ಹೊಲಿಗಿಯಾಗ (ಪಕ್ಕದ ಮಣಿ ಅರ್ಧ ಕೆಳಗ ಕೂಡೋ ಹೆಣಿಗಿ) ಮಾಡೀರಿ, ಅಂಚು ಒಂದೂ ಸೊಟ್ಟಾಗಿಲ್ಲ, ಭಾಳ ಛಲೋ ಕೈ ನಿಮ್ದು. ಈಗ ಕೂತು ಎಣಸೂಣು. ನೀವು ಬಳಸಿದ್ದು ಜಪಾನಿನ ಮಿಯುಕಿ ಕಂಪನಿಯ ಡೆಲಿಕಾ, ಅಂದ್ರ ಸಿಲಿಂಡರ್ ಆಕಾರದ 11 ನಂಬರ್ ಮಣಿ. ಒಂದ ಮಣಿ ಅಗಲ ಸುಮಾರ 1.3 ಮಿಲಿಮೀಟರ್, ದಪ್ಪ 1.6. ಇಪ್ಪತ್ತ ಮಣಿ ಅಡ್ಡ ಇಟ್ರ 26 ಮಿಲಿಮೀಟರ್ ಪಟ್ಟಿ ಆಗ್ತದ, 16 ಸೆಂಟಿಮೀಟರ್ ಉದ್ದಕ್ಕ ಒಂದೊಂದ ಕಾಲಮ್ಮಿನಾಗ 100 ಮಣಿ, ಅಂದ್ರ ಒಟ್ಟು 2000 ಮಣಿ. ಗ್ರಾಮಿಗೆ ಸುಮಾರ 200 ಡೆಲಿಕಾ ಬರ್ತಾವ, ಹಂಗಾಗಿ 10 ಗ್ರಾಂ ಹೋಯ್ತು. ಈ 2000 ಮಣಿ ಒಂದೊಂದಾಗಿ ಸೂಜಿಗೆ ಎತ್ತಿ, ಒಂದೊಂದಕ್ಕೂ ದಾರ ಎಳದೀರಿ.

ನಂದು ಇಷ್ಟ ವರ್ಷದ ಕೈ, ಗ್ರಾಫ್ ನೋಡ್ಕೋತ ಮಾಡಿದ್ರ ತಾಸಿಗೆ 250 ಮಣಿ ಹಾಕ್ತೀನಿ, ಅದಕ್ಕಿಂತ ಜೋರ ಹೋದ್ರ ತಪ್ಪು ಬೀಳ್ತದ, ಬಿಚ್ಚಬೇಕಾಗ್ತದ. ಅಂದ್ರ 8 ತಾಸು, ಮ್ಯಾಲ ದಾರದ ತುದಿ ಒಳಗ ಅಡಗಸೋದು, ಕೊಂಡಿ ಹಚ್ಚೋದು ಒಂದ ತಾಸು. 9 ತಾಸು ಅಂತ ಹಿಡೀರಿ. ಮಣಿ, ದಾರ, ಕೊಂಡಿ, ಕೊರಿಯರ್ ಸೇರಿ ಸಾಮಾನಿಗೆ 400 ಅಂತ ಬರದೀರಿ. 600ರಾಗ 400 ಕಳೀರಿ, 200 ಉಳೀತು, 9 ತಾಸಿಗೆ ಹಂಚ್ರಿ. ತಾಸಿಗೆ 22 ರೂಪಾಯಿ! ಇಷ್ಟಕ್ಕ ನಮ್ಮ ಓಣ್ಯಾಗ ಯಾರೂ ರೊಟ್ಟಿ ಬಡೀಲಿಕ್ಕೂ ಬರಂಗಿಲ್ರೀ. 600 ಜಾಸ್ತಿ ಅಲ್ಲ, ಭಾಳ ಕಡಿಮಿ. ತಾಸಿಗೆ 80 ಹಿಡಿದ್ರೂ 720 ಆಗ್ತದ, ಸಾಮಾನು ಕೂಡಿದ್ರ 1120. ನಾನಂತೂ ಇದಕ್ಕಿಂತ ಕೆಳಗ ಇಳೀಬ್ಯಾಡ್ರಿ ಅಂತೀನಿ. ಡಿಸೈನ್ ನಿಮ್ದೇ ಇದ್ರ ಅದಕ್ಕ ಕೂತ ತಾಸನ್ನೂ ಐದಾರು ಪೀಸಿನ ಮ್ಯಾಲ ಹಂಚಿ ಹಾಕ್ರಿ.

ಈ ಲೆಕ್ಕ ನಾ ಕಲ್ತದ್ದು ಪೆಟ್ಟು ತಿಂದು. ಭಾಳ ವರ್ಷದ ಹಿಂದ ಒಬ್ಬ ಅಂಗಡಿಯವರು 40 ಜೋಡಿ ಝುಮಕಿ ಬೇಕಂದ್ರು, ಅಷ್ಟ ದೊಡ್ಡ ಆರ್ಡರ್ ಬಂತಲ್ಲ ಅಂತ ಖುಷಿಯಾಗ ಬಾಯಿಗೆ ಬಂದ ರೇಟು ಹೇಳಿಬಿಟ್ಟೆ, ಅಡ್ವಾನ್ಸೂ ಕೇಳಲಿಲ್ಲ, ಮೇ ತಿಂಗಳ ಝಳದಾಗ ಕರೆಂಟ್ ಹೋಗ್ತಿತ್ತು ಬರ್ತಿತ್ತು, ರಾತ್ರಿ ಹನ್ನೆರಡರ ತನಕ ಕೂತು ಮಾಡಿ ಕೊಟ್ಟೆ. ಅವರು ಅರ್ಧ ರೊಕ್ಕ ಕೊಟ್ರು, ಉಳಿದರ್ಧ ಐದು ತಿಂಗಳಾದ ಮ್ಯಾಲ, ಅದೂ ಮುರಿದು ಮುರಿದು. ಅವತ್ತಿಂದ ಒಂದ ನೋಟ್‌ಬುಕ್ ಇಟ್ಟೀನಿ. ಸೂಜಿ ಹಿಡಿದಾಗ ಟೈಮ್ ಬರೀತೀನಿ, ಇಟ್ಟಾಗ ಬರೀತೀನಿ. ಅರ್ಧ ಅಡ್ವಾನ್ಸ್ ಕೈಗೆ ಬರೋ ತನಕ ಮಣಿ ಡಬ್ಬಿ ತೆಗಿಯಂಗಿಲ್ಲ. ನೀವೂ ಹಂಗೇ ಮಾಡ್ರಿ, ಮನಿಯವರು ಟೈಮ್‌ಪಾಸ್ ಅಂದಾಗ ಆ ನೋಟ್‌ಬುಕ್ ಮುಂದ ಇಡ್ರಿ.

ಓಣ್ಯಾಗಿನವರ ಕೂಡ ವಾದ ಮಾಡಬ್ಯಾಡ್ರಿ. 80 ರೂಪಾಯಿದು ಎಲಾಸ್ಟಿಕ್‌ನಾಗ ಪೋಣಿಸಿದ್ದು, ಅದು ಬ್ಯಾರೆ ಸಾಮಾನು. ಒಬ್ಬ ಹೆಣ್ಮಗಳು ನನ್ನ ಕೂಡ ಹಿಂಗೇ ಚೌಕಾಸಿ ಮಾಡ್ಲಿಕತ್ತಿದ್ರು, ನಾ ಏನೂ ಅನ್ನದ ಸೂಜಿ ಅವರ ಕೈಗೆ ಕೊಟ್ಟು ಒಂದ ಸಾಲು ಹಾಕಿ ನೋಡ್ರಿ ಅಂದೆ. ಇಪ್ಪತ್ತ ನಿಮಿಷ ಕೂತ್ರು, ಹತ್ತ ಮಣಿ ಆಯ್ತು. ಆಮ್ಯಾಲ ಅವರೇ ಪೂರ್ತಿ ರೊಕ್ಕ ಎಣಿಸಿ ಕೊಟ್ರು, ಈಗ ನನ್ನ ಶನಿವಾರದ ಕ್ಲಾಸಿಗೆ ಬರ್ತಾರ.

ಎಲ್ಲರೂ 1100 ಕೊಡಂಗಿಲ್ಲ ಅನ್ನೋದೂ ಖರೆ. ಅಂಥವರಿಗೆ ಒಂದ, ಒಂದೂವರೆ ತಾಸಿನಾಗ ಮುಗಿಯೋ ಸಣ್ಣ ಪೀಸ್ ಮಾಡ್ರಿ, ಬ್ರಿಕ್ ಹೊಲಿಗಿಯ ತ್ರಿಕೋನ ಓಲೆ ನನ್ನ ಕೈಯಾಗ ಜೋಡಿ ತಾಸೊಪ್ಪತ್ತಿನಾಗ ಆಗ್ತದ. ಪೀಸ್ ಸಣ್ಣದು ಮಾಡ್ರಿ, ತಾಸಿನ ರೇಟು ಮಾತ್ರ ಇಳಸಬ್ಯಾಡ್ರಿ.

ಪ್ರಶ್ನೆ: ತಂಗೂಸ್‌ನಾಗ ಹೆಣೆದ ಸರ ವರ್ಷ ತುಂಬೋದ್ರಾಗ ಪಟ್ಟಂತ ಹರೀತು. ಬೆಳ್ಳಿ ಬಣ್ಣದ ಮಣಿ ಬೆಳ್ಳಗಾಗಿ ಹೋಗ್ಯಾವ. ನಂದೇನ ತಪ್ಪು?
(ಹುಮನಾಬಾದ್)

ಉತ್ತರ: ತಪ್ಪು ಕೈಯಾಂದಲ್ಲ, ದಾರದ್ದು. ತಂಗೂಸ್ ಅಂದ್ರ ಒಂದೇ ಎಳೆಯ ನೈಲಾನ್, ಬಿಸಲು ಬಿದ್ದಂಗ, ದಿನ ಹೋದಂಗ ಅದು ಸೆಟೆದು ಪೆಳಸಾಗ್ತದ, ಆಮ್ಯಾಲ ಮಣಿ ಅಂಚಿಗೆ ಮಡಚಿದಲ್ಲೇ ಮುರೀತದ. ನಮ್ಮ ಕಡಿ ಬ್ಯಾಸಗಿ 42 ಡಿಗ್ರಿ ದಾಟ್ತದ, ಗಾದ್ರೇಜ್ ಅಲ್ಮಾರಿ ಒಳಗೂ ಅದು ಕಾದೇ ಇರ್ತದ. ಶುರುವಿಗೆ ನಾನೂ ತಂಗೂಸೇ ಬಳಸ್ತಿದ್ದೆ. ಒಬ್ಬ ಗಿರಾಕಿಯ ಸರ ಲಗ್ನದ ಹಂದರದಾಗೇ ಹರಿದು ಮಣಿ ಎಲ್ಲಾ ಜಮಖಾನಿ ಮ್ಯಾಲ ಚೆಲ್ಲಿದ್ವಂತ, ಆರಿಸಿ ಒಂದ ಚೀಲದಾಗ ಹಾಕ್ಕೊಂಡು ನನ್ನ ಮನಿ ಬಾಗಿಲಿಗೆ ಬಂದು ನಿಂತಿದ್ರು, ಬೈಲಿಲ್ಲ, ಸುಮ್ನ ಚೀಲ ಕೊಟ್ರು. ಅದನ್ನ ಪೂರ್ತಿ ಹೊಸದಾಗಿ ಹೆಣೆದು ಕೊಟ್ಟೆ, ರೊಕ್ಕ ತಗೊಳ್ಳಲಿಲ್ಲ.

ಮೀನು ಹಿಡಿಯೋರು ಬಳಸೋ ಹೆಣೆದ ದಾರ ಬರ್ತದ, ಫೈರ್‌ಲೈನ್ ಅಂತ, ಅದರಾಗ 6 ಪೌಂಡ್ ಭಾರ ತಾಳೋದು ತಗೋರಿ. ಶುರುವಿಗೆ ಕರಿ ಬಣ್ಣ ಕೈಗೆ ಹತ್ತತದ, ಒಣ ಬಟ್ಟಿಲೆ ಒಮ್ಮೆ ಎಳೀರಿ. ನೈಲಾನ್ ಬೀಡಿಂಗ್ ದಾರ ಮೆತ್ತಗಿರ್ತದ, ಝಾಲರ್ ಮಾಡ್ಲಿಕ್ಕೆ ಛಲೋ, ಆದ್ರ ಹಿಗ್ಗತದ, ಹಂಗಾಗಿ ಹೆಣಿಯೋಕಿಂತ ಮೊದಲೇ ಎಳೆದು ಹಿಗ್ಗಿಸಿಬಿಡ್ರಿ. ಉದ್ದ ಕೊಳವಿ ಮಣಿ ಬರ್ತಾವಲ್ಲ, ಅವುಗಳ ಬಾಯಿ ಬ್ಲೇಡ್ ಇದ್ದಂಗ, ಎರಡೂ ಕಡಿ ಒಂದೊಂದ ಗುಂಡು ಮಣಿ ಹಾಕಲಾರದ ಬಳಸಬ್ಯಾಡ್ರಿ.

ಬಣ್ಣದ್ದು: ಗ್ಯಾಲ್ವನೈಸ್ ಮಾಡಿದ ಮಣಿಗೆ ಹೊಳಪು ಮ್ಯಾಲ ಮ್ಯಾಲ ಇರ್ತದ, ಬೆವರಿಗೆ ಹೋಗ್ತದ. ಡ್ಯೂರಾಕೋಟ್ ಅಂತ ಬರೆದದ್ದು ಸ್ವಲ್ಪ ಗಟ್ಟಿ. ಹೈದರಾಬಾದ್ ಬೇಗಂ ಬಜಾರದಿಂದ ನಂಬರ್ ಇಲ್ಲದ ಮಣಿ ತಂದ್ರ ಹತ್ತ ಮಣಿ ನೇಲ್ ಪಾಲಿಶ್ ರಿಮೂವರ್‌ನಾಗ ಒಂದ ರಾತ್ರಿ ಇಡ್ರಿ, ಇನ್ನ ಹತ್ತ ಕಿಟಕಿ ಬಿಸಿಲಾಗ ತಿಂಗಳು ಬಿಡ್ರಿ. ಎರಡರಾಗೂ ಬಣ್ಣ ನಿಂತ್ರ ಗಿರಾಕಿಗೆ ಹಾಕ್ರಿ.

ಪ್ರಶ್ನೆ: 15, 11, 8 ಅಂತ ನಂಬರ್ ಇರ್ತಾವ. ಯಾವುದು ದೊಡ್ಡದು?
(ಶಹಾಪುರ)

ಉತ್ತರ: ನಂಬರ್ ಹೆಚ್ಚಾದಂಗ ಮಣಿ ಸಣ್ಣದು. ಗುಂಡು ಮಣಿಯಾಗ 8 ಸುಮಾರ 3 ಮಿಲಿಮೀಟರ್, 11 ಸುಮಾರ 2, 15 ಒಂದೂವರೆ. ಮ್ಯಾಲ ಹೇಳಿದ ಡೆಲಿಕಾ ಆಕಾರ ಬ್ಯಾರೆ, ಹಂಗಾಗಿ ನಂಬರ್ 11 ಇದ್ರೂ ಇದಕ್ಕಿಂತ ಸಣ್ಣದು. ಕಲೀಲಿಕ್ಕೆ 8 ತಗೋರಿ, 10 ನಂಬರ್ ಸೂಜಿ ಸಾಕು. 15ಕ್ಕ ಬಂದಾಗ 12, 13ರ ಸೂಜಿ ಬೇಕು.

ಪ್ರಶ್ನೆ: ನಮ್ಮದು ಬಿದ್ರಿ ಕೆಲಸದ ಮನಿ. ನಂಗ ಮಣಿಯಾಗ ಬಿದ್ರಿ ಬೂಟಿ ತರಬೇಕಂತ ಆಸೆ. ಗಂಡು ಹುಡುಗ ಮಣಿ ಪೋಣಿಸ್ತಾನಂತ ದೋಸ್ತರು ಆಡ್ಕೋತಾರ. ಬೂಟಿ ಅಂಚು ಮೆಟ್ಟಲು ಮೆಟ್ಟಲು ಆಗಿ ಬರ್ತದ, ಏನ ಮಾಡ್ಲಿ?
(ಬೀದರ್)

ಉತ್ತರ: ತಮ್ಮಾ, ನಿಮ್ಮ ಪತ್ರ ಓದಿ ಭಾಳ ಸಂತೋಷ ಆಯ್ತು. ಜಸ್ತ, ತಾಮ್ರದ ಪಾತ್ರಿ ಮ್ಯಾಲ ಬೆಳ್ಳಿ ಎಳೆ ಕೂಡಸೋದು, ಬೀದರ್ ಕೋಟೆ ಮಣ್ಣಿನಾಗ ಕರ್ರಗ ಮಾಡೋದು ನೋಡ್ಕೋತ ಬೆಳೆದ ಕಣ್ಣು ನಿಮ್ದು, ಅದು ಯಾವ ಕ್ಲಾಸಿನಾಗೂ ಸಿಗಂಗಿಲ್ಲ. ದೋಸ್ತರ ಮಾತಿಗೆ ನೋಯಬ್ಯಾಡ್ರಿ, ಜರಿ ಕೆಲಸ ಮಾಡೋ ಗಂಡಸರು ಎಷ್ಟ ಮಂದಿ ಇಲ್ಲ?

ಮೆಟ್ಟಲಿನ ಕಾರಣ ಹೊಲಿಗಿಯಾಗ ಅದ. ಮಗ್ಗದ ಮ್ಯಾಲ ಮಣಿ ಚೌಕ ಚೌಕ ಕೂಡ್ತಾವ, ಅಲ್ಲಿ ನೆಟ್ಟಗಿನ ಗೆರಿ, ಅಡ್ಡ ಗೆರಿ ಎರಡೂ ನೀಟ್ ಬರ್ತಾವ, ಓರೆ ಗೆರಿ ಮೆಟ್ಟಲಾಗ್ತದ. ಪೆಯೋಟ್‌ನಾಗ ಪಕ್ಕದ ಮಣಿ ಅರ್ಧ ಕೆಳಗ ಕೂಡ್ತದ, ಇಟ್ಟಂಗಿ ಗೋಡಿ ಮಲಗಿಸಿದಂಗ, ಅಲ್ಲಿ ಓರೆ ಗೆರಿ ಸಾಫ್, ಅಡ್ಡ ಗೆರಿ ಹಲ್ಲು ಹಲ್ಲು. ಅಶರ್ಫಿ ಬೂಟಿಯಂಥ ದುಂಡನ ಹೂವಿಗೆ ಓರೆ ಗೆರಿ ಹೆಚ್ಚು, ಹಂಗಾಗಿ ಪೆಯೋಟ್ ಗ್ರಾಫ್ ಮ್ಯಾಲ ಬರೀರಿ, ಚೌಕ ಗ್ರಾಫ್ ಬಿಡ್ರಿ. ಬೂಟಿ ದೊಡ್ಡದಿದ್ದಷ್ಟು ದುಂಡಗ ಕಾಣ್ತದ, ಏಳೆಂಟ ಮಣ್ಯಾಗ ಹೂವು ಮಾಡ್ಲಿಕ್ಕೆ ಹೋದ್ರ ಬರೇ ಪ್ಲಸ್ ಗುರ್ತಾಗ್ತದ.

ಕರಿಗೆ ಡೆಲಿಕಾದಾಗ ಡಿಬಿ 310 ಅನ್ನೋ ಬಣ್ಣದ ನಂಬರ್ ನೋಡ್ರಿ, ಹೊಳಪಿಲ್ಲದ ಕರಿ, ಬಿದ್ರಿ ಕರಿಗೆ ಭಾಳ ಹತ್ತರ. ಹೊಳಿಯೋ ಕರಿ ಹಾಕಿದ್ರ ಬೆಳ್ಳಿ ಎದ್ದು ಕಾಣಂಗಿಲ್ಲ, ಬಿದ್ರಿಯಾಗ ನೆಲ ಮಂದ ಇದ್ದದ್ದಕ್ಕೇ ಅಲ್ಲೇನು ಬೆಳ್ಳಿ ಹೊಳಿಯೋದು? ಬೆಳ್ಳಿಗೆ ಡಿಬಿ 41, ಅದರ ಬೆಳ್ಳಿ ತೂತಿನ ಒಳಗ ಇರ್ತದ, ಚರ್ಮಕ್ಕ ತಿಕ್ಕಂಗಿಲ್ಲ. ಮಾಡಿ ಕಳಸ್ರಿ, ದಾರಿ ಕಾಯ್ತೀನಿ.

ಪ್ರಶ್ನೆ: ಹೊರದೇಶದ ಡಿಸೈನರ್ ಒಬ್ಬರ ಪಿಡಿಎಫ್ ನಾವು ಐದು ಮಂದಿ ರೊಕ್ಕ ಕೂಡಿಸಿ ತಗೊಂಡು ಹಂಚ್ಕೊಂಡ್ವಿ. ಅದನ್ನ ನೋಡಿ ಮಾಡಿ ಮಾರಬಹುದಾ? ಕ್ಲಾಸಿನಾಗ ಕಲಸಬಹುದಾ?
(ಸೇಡಂ)

ಉತ್ತರ: ಪೆಯೋಟ್, ಹೆರಿಂಗ್‌ಬೋನ್, ಬ್ರಿಕ್ ಈ ಹೊಲಿಗಿ ಯಾರ ಆಸ್ತಿನೂ ಅಲ್ಲ. ಹೆರಿಂಗ್‌ಬೋನ್‌ಗೆ ಎಂಡೆಬೆಲೆ ಹೊಲಿಗಿ ಅಂತಾನೂ ಹೆಸರು ಅದ, ದಕ್ಷಿಣ ಆಫ್ರಿಕಾದ ಎಂಡೆಬೆಲೆ ಮಂದಿಯ ಹೆಸರಿನ ಮ್ಯಾಲ, ನಾನು ನೀವು ಎಲ್ಲಾರೂ ಬಳಸ್ತೀವಿ. ಆದ್ರ ಆ ಪಿಡಿಎಫ್‌ನಾಗಿನ ಚಿತ್ರ, ಬರವಣಿಗಿ ಅವರದು. ನಮ್ಮ ದೇಶದಾಗೂ 1957ರ ಕಾಪಿರೈಟ್ ಕಾಯ್ದೆ ಅದ. ಒಂದ ಕಾಪಿ ತಗೊಂಡು ಐದು ಮಾಡೋದು ಸರಿ ಅಲ್ರೀ. ಮಾಡಿದ ಪೀಸ್ ಮಾರೋದಕ್ಕ ಕೆಲವರು ಒಪ್ತಾರ, ಕೆಲವರು ಬ್ಯಾಡ ಅಂತಾರ, ಪಿಡಿಎಫ್‌ನಾಗ ಬರೆದಿರ್ತಾರ, ಓದ್ರಿ. ಕಲಸೋದಿದ್ರ ಒಂದ ಮೇಲ್ ಹಾಕಿ ಕೇಳ್ರಿ. ನಾ ಹಿಂಗ ಕೇಳಿದಾಗ ಹೆಚ್ಚಿನವರು ಎಲ್ಲಾ ವಿದ್ಯಾರ್ಥಿಗಳೂ ಒಂದೊಂದ ಪ್ಯಾಟರ್ನ್ ತಗೋಳ್ಳಿ ಅಂದಾರ, ಅಷ್ಟೇ. ನಾನೂ ಪ್ಯಾಟರ್ನ್ ಬರಿಯಾಕಿ, ಒಂದ ಪ್ಯಾಟರ್ನಿಗೆ ಮೂರ ಸಲ ಹೆಣೆದು ಮೂರ ಸಲ ಬಿಚ್ಚಿರ್ತೀನಿ, ಅದನ್ನ ಯಾರೋ ಝೆರಾಕ್ಸ್ ಮಾಡಿ ಹಂಚಿದ್ರು ಅಂದ್ರ ಹೊಟ್ಟ್ಯಾಗ ಸಂಕಟ ಆಗ್ತದ.

ಪ್ರಶ್ನೆ: ನಾ ತಾಂಡಾದಾಕಿ, ಪಿಯುಸಿ ಓದ್ಲಿಕತ್ತೀನಿ. ನಮ್ಮವ್ವ ಕನ್ನಡಿ, ಕವಡಿ, ಮಣಿ ಹಚ್ಚಿ ಕಾಂಚಳಿ (ನಮ್ಮ ಲಂಬಾಣಿ ಕುಪ್ಪಸ) ಹೊಲೀತಾಳ. ನಂಗ ಡಿಸೈನರ್ ಆಗಬೇಕು. ಮೊದಲಿಂದ ಏನೇನ ಕಲೀಬೇಕು, ಅಕ್ಕಾ?
(ಚಿಂಚೋಳಿ)

ಉತ್ತರ: ತಂಗಿ, ಮೊದಲಿಂದ ಅಂತ ಯಾಕಂತಿ? ನಿನ್ನ ಮನ್ಯಾಗೇ ಅದು ಶುರು ಆಗ್ಯಾದ. ಕೆಂಪಿನ ಬಾಜೂಕ ಯಾವ ಬಣ್ಣ, ಕನ್ನಡಿ ಎಷ್ಟ ದೂರ, ಕವಡಿ ಎಲ್ಲಿ ಕಟ್ಟಿದ್ರ ನಡೆದಾಗ ಸಪ್ಪಳಾಗ್ತದ, ಇದೆಲ್ಲಾ ನಿಮ್ಮವ್ವಗ ಗೊತ್ತದಲ್ಲ, ಅದಕ್ಕೇ ಡಿಸೈನ್ ಅನ್ನೋದು. ಸಂಡೂರಿನ ಲಂಬಾಣಿ ಕಸೂತಿಗೆ ಜಿಐ (ಇದು ಇದೇ ಊರಿನ ಕೆಲಸ ಅನ್ನೋ ಭೌಗೋಳಿಕ ಗುರುತು) ಮಾನ್ಯತಾ ಸಿಕ್ಕದ, 2023ರಾಗ ಹಂಪಿ ಜಿ20 ಸಭಾ ನಡೆದಾಗ ಅಲ್ಲಿಯ ಹೆಣ್ಮಕ್ಕಳು ಮಾಡಿದ 1755 ಕಸೂತಿ ಸಾಮಾನು ಒಂದೇ ಕಡಿ ಇಟ್ಟು ಗಿನ್ನೆಸ್ ದಾಖಲೆ ಆಯ್ತು. ಅವರ ಕೆಲಸ ದೇಶಕ್ಕ ಗೊತ್ತಾಗ್ಯಾದ. ನಮ್ಮ ಚಿಂಚೋಳಿ ತಾಂಡಾದಾಗಿನ ಕೈ ಏನ ಕಡಿಮಿ ಇಲ್ಲ, ಬರದಿಟ್ಟವರು ಕಡಿಮಿ.

ಪಿಯುಸಿ ಬಿಡಬ್ಯಾಡ. ಮುಗಿದ ಮ್ಯಾಲ ನಿಫ್ಟ್, ಅಂದ್ರ ಫ್ಯಾಷನ್ ಡಿಸೈನ್ ಕಲಸೋ ಸರ್ಕಾರಿ ಸಂಸ್ಥಾದ ಪ್ರವೇಶ ಪರೀಕ್ಷಾ ಬರೀಬಹುದು, ಬೆಂಗಳೂರಾಗೂ ಅದ, ನಮಗ ಹತ್ತರ ಹೈದರಾಬಾದ್‌ನಾಗೂ ಅದ. ಅವ್ವಗ ಪೆಹಚಾನ್ ಕಾರ್ಡ್ ಇಲ್ಲಂದ್ರ ಅರ್ಜಿ ಹಾಕಸು, ಕರಕುಶಲ ಕೆಲಸದವರಿಗೆ ಕೇಂದ್ರ ಜವಳಿ ಸಚಿವಾಲಯ ಕೊಡೋ ಗುರುತಿನ ಚೀಟಿ ಅದು, ಮೇಳದಾಗ ಮಳಿಗಿ ಹಿಡೀಲಿಕ್ಕೆ ಕೆಲಸಕ್ಕ ಬರ್ತದ. ಮಣಿ ನೇಯ್ಗಿ ಕಲೀಲಿಕ್ಕೆ ನನ್ನ ಕಡೆ ಬಾ, ಕಲಬುರಗಿ ಬಸ್ ಚಾರ್ಜ್ ಕೊಟ್ಟು ಬರೋದು ಕಷ್ಟ ಇದ್ರ ಪತ್ರದಾಗೇ ಹೇಳಿ ಕೊಡ್ತೀನಿ, ಫೀ ಮಾತು ಎತ್ತಬ್ಯಾಡ.

ಈ ದೀಪಾವಳಿ ಸೂಟಿಯಾಗ ಒಂದ ಕೆಲಸ ಮಾಡು. ಗ್ರಾಫ್ ನೋಟ್‌ಬುಕ್ ತಗೊಂಡು ಅವ್ವನ ಮಗ್ಗಲದಾಗ ಕೂಡು, ಆಕಿ ಹಳೀ ಕಾಂಚಳಿ, ಫೇಟಿಯಾ (ಲಂಗ) ತೆಗಿ. ಒಂದೊಂದ ಗುರ್ತಿಗೂ ನಿಮ್ಮ ಲಂಬಾಣಿಗರ ಗೋರ್ ಮಾತಿನಾಗ ಏನಂತಾರ ಕೇಳಿ ಬರಕೋ, ಕನ್ನಡದ ಹೆಸರು ಹುಡುಕಬ್ಯಾಡ. ಯಾವ ದಾರ, ಎಷ್ಟ ಮಣಿ, ಎಷ್ಟ ತಾಸು ಅನ್ನೋದೂ ಬರಿ. ಮೊದಲ ಹಾಳಿ ಮ್ಯಾಲ ಅವ್ವನ ಹೆಸರು ಹಾಕು. ಹತ್ತ ಹಾಳಿ ಆದ್ರ ಫೋಟೋ ತೆಗೆದು ಕಳಸು, ನಂಗ ನೋಡಬೇಕಾಗ್ಯಾದ.