ಒಂದೇ ಮರದ ನೂರು ಕಸಿ

ಓಲೆ: "ಕಳೆದ ಸಂಚಿಕೆಯಲ್ಲಿ ನಾರ್ವೆಯ ಫಿಯರ್ಡು ಅನ್ನುವ ಕಡಲ ಕೊಲ್ಲಿಗಳ ತಣ್ಣೀರ ಹವಳಕ್ಕೆ ನಾಲ್ಕು ಪುಟ ಕೊಟ್ಟಿದ್ದೀರಿ. ಹವಳ ಇರುವಲ್ಲಿ ಬಲೆ ಎಳೆಯಬೇಡಿ ಅಂದರೆ ಮುಗಿಯಿತು. ಅದರ ಡಿಎನ್‌ಎ ಕಟ್ಟಿಕೊಂಡು ಏನಾಗಬೇಕು? ಆ ಜಾಗದಲ್ಲಿ ಅಡಿಕೆಯ ಹಳದಿ ರೋಗದ ಬಗ್ಗೆ ಬರೆಯಬಹುದಿತ್ತು." – ಬದಿಯಡ್ಕದ ಒಬ್ಬ ನಿವೃತ್ತ ಅಧ್ಯಾಪಕರು

ಉತ್ತರ: ಮಾಷ್ಟ್ರೇ, ಅಡಿಕೆಯ ಮಾತು ಒಪ್ಪಿದೆ, ಮುಂದಿನ ಸಲ ಬರೆಸುತ್ತೇನೆ. ಬಲೆ ತಡೆಯಬೇಕು ಅನ್ನುವುದೂ ಸರಿ. ತಳ ಕೆರೆದುಕೊಂಡು ಹೋಗುವ ಟ್ರಾಲ್ ಬಲೆ ಒಂದು ಸಲ ಹಾದುಹೋದರೆ ಹವಳ ಪುಡಿ. ನಾರ್ವೆ 1999ರಲ್ಲೇ ಸೂಲಾ ಅನ್ನುವ ಹವಳದ ದಿಬ್ಬದಲ್ಲಿ ಅದನ್ನು ನಿಲ್ಲಿಸಿತು. ಆದರೆ ನಿಮ್ಮ 'ಮುಗಿಯಿತು' ಇದೆಯಲ್ಲ, ಅಲ್ಲಿ ನನ್ನ ತಕರಾರು.

ನಿಮ್ಮ ತೋಟವನ್ನೇ ನೋಡಿ. ಬೀಜದಿಂದ ಎದ್ದ ಹಲಸು ಒಂದರ ಹಾಗೆ ಇನ್ನೊಂದಿಲ್ಲ. ಒಂದು ಬಕ್ಕೆ, ಒಂದು ತುಳುವ, ಒಂದರ ಸೊಳೆ ಜೇನು, ಇನ್ನೊಂದು ಹಪ್ಪಳಕ್ಕೂ ಆಗದು. ನರ್ಸರಿಯಿಂದ ಒಂದೇ ತಾಯಿಮರದ ನೂರು ಕಸಿ ತಂದು ನೆಟ್ಟರೆ ಕಣ್ಣಿಗೆ ನೂರು ಮರ, ಹುಟ್ಟಿನಲ್ಲಿ ಒಂದೇ. ರೋಗ ಬಂದರೆ ಅದಕ್ಕೆ ನೂರು ಬೀಗ ಒಡೆಯುವ ಕೆಲಸ ಇಲ್ಲ, ಒಂದು ಕೀಲಿ ಸಾಕು.

ನಾವು ಬರೆದ ಆ ತಣ್ಣೀರ ಹವಳ ಲೊಫೀಲಿಯಾದ್ದೂ ಇದೇ ಕತೆ. (ವಿಜ್ಞಾನಿಗಳು ಈಗ ಅದನ್ನು ಡೆಸ್ಮೋಫಿಲಮ್ ಅನ್ನುತ್ತಾರೆ, ನನ್ನ ಬಾಯಿಗೆ ಹಳೆಯ ಹೆಸರೇ ಬರುತ್ತದೆ.) ಅದು ಮೊಟ್ಟೆ, ವೀರ್ಯ ನೀರಿಗೆ ಬಿಟ್ಟು ಮರಿ ಮಾಡುತ್ತದೆ, ಮರಿ ವಾರಗಟ್ಟಲೆ ತೇಲುತ್ತದೆ. ಗೆಲ್ಲು ಮುರಿದು ಬಿದ್ದರೆ ಅದೂ ಬೆಳೆದು ದಿಬ್ಬವಾಗುತ್ತದೆ. ಯಾವುದು ಮರಿ, ಯಾವುದು ಮುರಿದ ಗೆಲ್ಲು ಅಂತ ಕಣ್ಣಲ್ಲಿ ನೋಡಿ ಹೇಳಲಿಕ್ಕಾಗದು. ಅದಕ್ಕೇ ಡಿಎನ್‌ಎ.

ನಾರ್ವೆ, ಸ್ವೀಡನ್ನಿನ ಗಡಿಯ ಹತ್ತಿರ, ಸ್ಕಾಗೆರಾಕ್ ಸಮುದ್ರದಲ್ಲಿ, 35 ಕಿಲೋಮೀಟರಿನೊಳಗಿನ ಐದು ದಿಬ್ಬಗಳನ್ನು ಹೀಗೆ ಪರೀಕ್ಷೆ ಮಾಡಿ 2012ರಲ್ಲಿ ಒಂದು ಪ್ರಬಂಧ ಬಂತು. ಅತಿ ದೊಡ್ಡ ದಿಬ್ಬದಲ್ಲಿ ಸಿಕ್ಕಿದ್ದು 35 ಬೇರೆ ಬೇರೆ ಹುಟ್ಟು, ಅಂದರೆ 35 ತಾಯಿಮರ ಇದ್ದ ಹಾಗೆ, ಅಷ್ಟೇ. ಅದರಲ್ಲಿ ಒಂದು ಹುಟ್ಟು ಹಬ್ಬಿ ಹಬ್ಬಿ ಹತ್ತಿರ ಹತ್ತಿರ 300 ಚದರ ಮೀಟರ್ ಹಿಡಿದಿತ್ತು. ನಮ್ಮ ಲೆಕ್ಕದಲ್ಲಿ ಏಳು ಸೆಂಟ್ಸಿಗೂ ಜಾಸ್ತಿ, ಮನೆ ಕಟ್ಟಿ ಬಾವಿ ತೋಡಬಹುದು!

ನನ್ನ ನಿದ್ದೆ ಕೆಡಿಸಿದ್ದು ಬೇರೆ ಸಂಗತಿ. ನಾಲ್ಕು ದಿಬ್ಬಗಳ ನಡುವೆ ಮರಿಗಳ ಹೋಗಿಬರುವಿಕೆ ಇದೆ. ಆದರೆ ಅದು ಸಮಸಮ ಅಲ್ಲ, ಕೆಲವು ಜಾಸ್ತಿ ಕೊಡುತ್ತವೆ, ಕೆಲವು ಜಾಸ್ತಿ ತೆಗೆದುಕೊಳ್ಳುತ್ತವೆ. ಐದನೆಯದು ಸ್ವೀಡನ್ನಿನ ಕೊಸ್ಟರ್‌ಫಿಯರ್ಡಿನ ಸೆಕೆನ್ ದಿಬ್ಬ. ಅದು ಒಂಟಿ, ವೈವಿಧ್ಯವೂ ಬಡಕಲು. ಆ ದೇಶದಲ್ಲಿ ಜೀವಂತ ಉಳಿದಿರುವ ಲೊಫೀಲಿಯಾ ದಿಬ್ಬ ಅದೊಂದೇ. ಅಲ್ಲಿ 2009ರಲ್ಲಿ ರಾಷ್ಟ್ರೀಯ ಉದ್ಯಾನವನ್ನೂ ಮಾಡಿದ್ದಾರೆ, ನಿಮ್ಮ ಬೇಲಿ ಹಾಕಿ ಆಯಿತು. ಆದರೆ ಬೇಲಿಯೊಳಗೆ ಹೊಸ ಮರಿ ಎಲ್ಲಿಂದ ಬರಬೇಕು? ಕೊಡುವ ದಿಬ್ಬ ಯಾವುದು ಅಂತ ತಿಳಿಯದೆ, ತೆಗೆದುಕೊಳ್ಳುವ ದಿಬ್ಬಕ್ಕೆ ಮಾತ್ರ ಕಾವಲು ಕೂತರೆ ಏನು ಬಂತು?

35 ಕಿಲೋಮೀಟರ್ ಏನು ದೂರ ಅಂತ ಬೇರೆ ಯಾರಾದರೂ ಕೇಳಲಿ, ಕಾಸರಗೋಡಿನವರು ನಾವು ಕೇಳಬಾರದು. ಮಂಗಳೂರು ಇಲ್ಲಿಂದ 50. 1956ರಲ್ಲಿ ನಡುವೆ ರಾಜ್ಯದ ಗೆರೆ ಬಿತ್ತು, ನಾವು ಕೇರಳದ ಪಾಲಾದೆವು. ನಮ್ಮ ಪತ್ರಿಕೆಯ ಕಟ್ಟು ಹೊತ್ತು ಅಲ್ಲಿನ ಅಂಗಡಿಯೊಂದಕ್ಕೆ ಹೋದರೆ, "ಕೇರಳದ್ದಾ? ಕನ್ನಡದಲ್ಲಿ ಬರ್ತದಾ?" ಅಂತ ಕೇಳುತ್ತಾರೆ. ಕೇಳಿದವರು ಚಂದದ ಕನ್ನಡದಲ್ಲೇ ಕೇಳಿದರು, ಅದು ಬೇರೆ.

ಹುಟ್ಟು ಕೇಳದೆ ಬರೀ ತಲೆ ಎಣಿಸುವ ಚಟ ನಮ್ಮಲ್ಲೂ ಇದೆ. ಮೊನ್ನೆ ಒಂದು ಗಿಡ ನೆಡುವ ಸಮಾರಂಭಕ್ಕೆ ಕರೆದಿದ್ದರು. ವೇದಿಕೆಯಲ್ಲಿ ಎಲ್ಲರದ್ದೂ ಸಾವಿರ, ಲಕ್ಷದ ಮಾತೇ. ಎಷ್ಟು ತಾಯಿಮರದ ಬೀಜ ಇವು ಅಂತ ಸುಮ್ನೆ ಕೇಳಿದೆ. ಅವರ ಜಾತಕ ಕೇಳಿದ ಹಾಗೆ ನನ್ನನ್ನು ನೋಡಿದರು. ಆಮೇಲೆ ನನಗೆ ಮೈಕ್ ಸಿಗಲಿಲ್ಲ.

ನೀವು ಸಿಟ್ಟಿನಲ್ಲಾದರೂ ನಾಲ್ಕು ಪುಟ ಪೂರ್ತಿ ಓದಿದ್ದೀರಿ, ಅದು ನಿಮ್ಮ ಓಲೆಯಲ್ಲೇ ಗೊತ್ತಾಗುತ್ತದೆ. ಈ ಸಲ ನಿಮ್ಮ ತುಳುವ ಹಲಸು ಹಣ್ಣಾದರೆ ನಾಲ್ಕು ಬೀಜ ತೆಗೆದಿಡಿ, ನಾನೇ ಬಂದು ತೆಗೆದುಕೊಳ್ಳುತ್ತೇನೆ. ಹಾಗೆಯೇ, ಮಾಷ್ಟ್ರೇ, ನಿಮ್ಮ ಚಂದಾ ಮುಗಿದು ಎರಡು ತಿಂಗಳಾಯಿತು.