ಮಗ ಕಾಣೆಯಾದ ಮನೆಯಲ್ಲಿ ಎರಡು ನಂಬಿಕೆ

ನಾನು ಆಪ್ತಸಮಾಲೋಚಕಿ. ನನ್ನ ಹತ್ತಿರ ಬಂದ ಒಂದು ಕುಟುಂಬದ ವಿಷಯ ಇದು. ಗುರುತು ಸಿಗದ ಹಾಗೆ ವಿವರಗಳನ್ನು ಬದಲಿಸಿದ್ದೇನೆ. ಹೊಸನಗರದ ಕಡೆಯ ಅಡಿಕೆ ಬೆಳೆಗಾರರು ಅಂತ ಇಟ್ಟುಕೊಳ್ಳಿ. ಒಂಬತ್ತು ವರ್ಷದ ಮಗ ಮಳೆಗಾಲದ ಒಂದು ಸಂಜೆ ಶಾಲೆಯಿಂದ ಮನೆಗೆ ಬರಲಿಲ್ಲ. ಹಳ್ಳದ ಕಾಲುಸಂಕದ ಹತ್ತಿರ ಒಂದು ಚಪ್ಪಲಿ ಸಿಕ್ಕಿತು. ಅಷ್ಟೇ.

ಹಳ್ಳ ಎಳೆದುಕೊಂಡು ಹೋಯಿತು ಅಂತ ತಾಯಿ ಒಪ್ಪಿಕೊಂಡಿದ್ದಾರೆ. ತಂದೆ ಒಪ್ಪಿಲ್ಲ. "ಇನ್ನೊಂದು ಚಪ್ಪಲಿ ಎಲ್ಲಿ? ಬ್ಯಾಗ್ ಎಲ್ಲಿ?" ಎರಡು ವರ್ಷದಿಂದ ಅವರದೇ ತನಿಖೆ. ಆ ವಾರ ಊರಿಗೆ ಬಂದ ಗಾಡಿಗಳ ನಂಬರ್, ಯಾರು ಯಾವಾಗ ಎಲ್ಲಿದ್ದರು, ಎಲ್ಲವೂ ನೋಟ್‌ಬುಕ್ಕಿನಲ್ಲಿದೆ. ಕೊನೆಗೆ ಅನುಮಾನ ಒಬ್ಬನ ಮೇಲೆ ನಿಂತಿತ್ತು. ಕೊಳೆರೋಗಕ್ಕೆ ತೋಟಕ್ಕೆ ಮದ್ದು ಹೊಡೆಯಲು ಬರುತ್ತಿದ್ದವನು. ಆ ವಾರದಿಂದ ಅವನು ಮತ್ತೆ ಬಂದಿರಲಿಲ್ಲ.

"ಸಾಗರದ ಹತ್ತಿರ ಇದ್ದಾನೆ. ಮನೆ ನೋಡಿಕೊಂಡು ಬಂದಿದೀನಿ. ಕೇಳಿಯೇ ಬಿಡ್ತೀನಿ."

"ಹೇಗೆ ಕೇಳ್ತೀರಿ?" ಅಂದೆ. ಉತ್ತರ ಕೊಟ್ಟಿದ್ದು ಅವರ ಹೆಂಡತಿ: "ಕತ್ತಿ ಮಸೆದು ಬೈಕಿನಲ್ಲಿ ಇಟ್ಕೊಂಡಿದ್ದಾರೆ ಮೇಡಂ."

ದುಃಖದ ಮಾತು ಬದಿಗಿಟ್ಟೆ. ಇಲ್ಲಿ ಆಡಿದ್ದು ಹೊರಗೆ ಹೋಗಲ್ಲ ಅನ್ನುವ ಭರವಸೆಗೆ ಒಂದು ಮಿತಿ ಇದೆ. ಬೇರೆಯವರ ಜೀವಕ್ಕೆ ಅಪಾಯ ಇದ್ದರೆ ತಿಳಿಸಲು 2017ರ ಮಾನಸಿಕ ಆರೋಗ್ಯ ಕಾಯ್ದೆಯಲ್ಲೂ ಅವಕಾಶವಿದೆ. ಇದನ್ನು ಅವರಿಗೆ ಮುಖಕ್ಕೇ ಹೇಳಿದೆ. ಸಿಟ್ಟು ಬಂತು, ಆದರೆ ಎದ್ದು ಹೋಗಲಿಲ್ಲ. ಕತ್ತಿ ಅವತ್ತೇ ಭಾವನ ಮನೆ ಸೇರಿತು.

ಆಮೇಲೆ ನೋಟ್‌ಬುಕ್ ಬಿಡಿಸಿ ಕೂತೆವು. ಕಣ್ಣಾರೆ ಕಂಡಿದ್ದು ಒಂದು ಕಡೆ, ಅಂದುಕೊಂಡಿದ್ದು ಇನ್ನೊಂದು ಕಡೆ ಬರೆಯಿರಿ ಅಂದೆ. ಎರಡನೆಯದೇ ಜಾಸ್ತಿ ಇತ್ತು. ಮೊದಲನೆಯದನ್ನು ಅರ್ಜಿ ಬರೆದು ಠಾಣೆಗೆ ಕೊಟ್ಟರು. ಪೊಲೀಸರು ವಿಚಾರಿಸಿದರು. ಹುಡುಗ ಕಾಣೆಯಾಗುವ ಎರಡು ದಿನ ಮೊದಲೇ ಆ ಮದ್ದು ಹೊಡೆಯುವವನು ಮರದಿಂದ ಬಿದ್ದು, ಕಾಲು ಮುರಿದು, ಆಸ್ಪತ್ರೆಯಲ್ಲಿದ್ದ.

ಸಮಾಧಾನ ಆಗಬೇಕಿತ್ತು, ಅಲ್ವಾ? ಆಗಲಿಲ್ಲ. ಅವರು ಕುಸಿದಿದ್ದೇ ಆವಾಗ. ಒಬ್ಬ ಶತ್ರು ಇದ್ದಾಗ ಬೆಳಿಗ್ಗೆ ಏಳಲು ಒಂದು ಕಾರಣ ಇತ್ತು. ಅವನು ಹೋದ ಮೇಲೆ ಉಳಿದಿದ್ದು ಬರೀ ಮಗ ಇಲ್ಲದ ಮನೆ. ಊಟ ಬಿಟ್ಟರು, ನಿದ್ದೆ ಹೋಯಿತು. ಶಿವಮೊಗ್ಗದ ಮನೋವೈದ್ಯರ ಹತ್ತಿರ ಕಳಿಸಿದೆ. ರಾತ್ರಿ ತಡೆಯಲಾಗದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ ಅಂತ ಇಬ್ಬರಿಗೂ ಹೇಳಿದೆ.

ನೆಂಟರದ್ದು ಒಂದೇ ಮಾತು: "ಹೋದ ಅಂತ ಒಪ್ಪಿಕೊಳ್ಳಿ ಮಾರಾಯ್ರೆ, ಕರ್ಮ ಮುಗಿಸಿ." ನಾನು ಹಾಗೆ ಹೇಳಲಿಲ್ಲ. ವಿಯೆಟ್ನಾಂ ಯುದ್ಧದಲ್ಲಿ ಕಾಣೆಯಾದವರ ಕುಟುಂಬಗಳನ್ನು 1970ರ ದಶಕದಲ್ಲಿ ಅಧ್ಯಯನ ಮಾಡಿದ ಅಮೆರಿಕದ ಕುಟುಂಬ ಚಿಕಿತ್ಸಕಿ ಪಾಲೀನ್ ಬಾಸ್, ಖಚಿತವಾಗದ ಸಾವನ್ನು ಒಪ್ಪಿ ಅಂತ ಒತ್ತಾಯಿಸಬಾರದು ಅನ್ನುತ್ತಾರೆ. ತಾಯಿ ದೀಪ ಹಚ್ಚಲಿ, ತಂದೆ ಹುಡುಕಲಿ. ಒಬ್ಬರು ಇನ್ನೊಬ್ಬರನ್ನು ಒಪ್ಪಿಸಲು ಹೋಗಬೇಡಿ. ಕರ್ಮ ಇಬ್ಬರೂ ಒಪ್ಪಿದ ದಿನ ಮಾಡಿದರಾಯಿತು.

ಹುಡುಕುವುದಕ್ಕೆ ಭಾನುವಾರ ಬೆಳಿಗ್ಗೆ ಅಂತ ಗೊತ್ತು ಮಾಡಿದೆವು. ಮಗು ಕಾಣೆಯಾದರೆ ಎಫ್‌ಐಆರ್ ದಾಖಲಿಸಲೇಬೇಕು ಅಂತ ಸುಪ್ರೀಂ ಕೋರ್ಟ್ 2013ರಲ್ಲಿ ಹೇಳಿದೆ. ನಾಲ್ಕು ತಿಂಗಳಾದರೂ ಸಿಗದಿದ್ದರೆ ಪ್ರಕರಣ ಮಾನವ ಕಳ್ಳಸಾಗಣೆ ತಡೆ ಘಟಕಕ್ಕೆ ಹೋಗಬೇಕು. ಅದು ಆಗಿದೆಯಾ ಅಂತ ಬರೆದು ಕೇಳಿ ಅಂದೆ. ಮಗ ನಮ್ಮ ಹತ್ತಿರ ಇದ್ದಾನೆ, ದುಡ್ಡು ಹಾಕಿ ಅನ್ನುವ ಫೋನು ಬಂದರೆ ದುಡ್ಡು ಕಳಿಸಬೇಡಿ, ನಂಬರ್ ಠಾಣೆಗೆ ಕೊಡಿ. ಒಂದು ಸಲ ಕಳೆದುಕೊಂಡಿದ್ದಾರೆ ಪಾಪ.

ಈ ಗಲಾಟೆಯಲ್ಲಿ ಎಲ್ಲರೂ ಮರೆತಿದ್ದು ಹನ್ನೆರಡು ವರ್ಷದ ಅಕ್ಕನನ್ನು. ಅವತ್ತು ಅವಳು ತಮ್ಮನಿಗಿಂತ ಸ್ವಲ್ಪ ಮುಂದೆ ನಡೆದಿದ್ದಳು. ಅದನ್ನು ಯಾರಿಗೂ ಹೇಳಿರಲಿಲ್ಲ. ಅಪ್ಪ ಶಾಲೆ ಬಿಡಿಸಿದ್ದನ್ನು ಶಿಕ್ಷೆ ಅಂದುಕೊಂಡಿದ್ದಳು. "ನಿನ್ನ ತಪ್ಪಲ್ಲ ಪುಟ್ಟಿ" ಅಂತ ಅಪ್ಪನ ಬಾಯಿಂದಲೇ ಹೇಳಿಸಿದೆ. ಈಗ ಮತ್ತೆ ಶಾಲೆಗೆ ಹೋಗುತ್ತಿದ್ದಾಳೆ. ಬಸ್ಸಿನ ಹಿಂದೆ ಅಪ್ಪನ ಬೈಕು. ಸದ್ಯಕ್ಕೆ ಹೋಗಲಿ, ಮುಂದಿನ ತಿಂಗಳಿಂದ ಬಸ್‌ಸ್ಟಾಪಿನವರೆಗೆ ಮಾತ್ರ ಅಂತ ಒಪ್ಪಿಸಿದ್ದೇನೆ.