ಪಕ್ಕದಲ್ಲೇ ಕೂತವರಿಗೆ ಬಂದ ಮೆಸೇಜ್

(ಗುರುತು ಸಿಗಬಾರದೆಂದು ವಿವರಗಳನ್ನು ಬದಲಿಸಿದ್ದೇನೆ.)

ದಾಂಪತ್ಯದ ಸಲಹೆಗೆ ನನ್ನ ಬಳಿ ಬಂದ ಜೋಡಿಯ ಮೊದಲ ಭೇಟಿ. ಗಂಡ ಹೆಂಡತಿ ಒಂದೇ ಸೋಫಾದ ಎರಡು ತುದಿಯಲ್ಲಿ ಕೂತಿದ್ದರು. ಮದುವೆಯಾಗಿ 9 ವರ್ಷ. ಎರಡು ವರ್ಷದಿಂದ ಗಂಡನಿಗೆ ಬೇರೆ ಊರಲ್ಲಿ ಕೆಲಸ, ಹದಿನೈದು ದಿನಕ್ಕೊಮ್ಮೆ ಮನೆಗೆ ಬರುತ್ತಾರೆ. "ಏನು ತೊಂದರೆ?" ಅಂತ ಕೇಳಿದೆ. ಇಬ್ಬರೂ ಸುಮ್ಮನಿದ್ದರು. ಅಷ್ಟರಲ್ಲಿ ಗಂಡನ ಜೇಬಿನಲ್ಲಿದ್ದ ಫೋನ್ ಟಿಣ್ ಅಂದಿತು. ತೆಗೆದು ನೋಡಿದವರ ಮುಖ ಕೆಂಪಾಯಿತು. ಮೆಸೇಜ್ ಕಳಿಸಿದ್ದು ಪಕ್ಕದಲ್ಲಿದ್ದ ಹೆಂಡತಿ. "ನೀವೇ ಹೇಳಿ" ಅಂತ ಎರಡೇ ಪದ.

ಅರ್ಧ ಪ್ರಕರಣ ನನಗೆ ಅಲ್ಲೇ ಅರ್ಥವಾಯಿತು ಅನ್ನಿ.

ಆಮೇಲೆ ಒಬ್ಬೊಬ್ಬರನ್ನೇ ಮಾತಾಡಿಸಿದೆ. "ದಿನಪೂರ್ತಿ ಮೆಸೇಜ್ ಮಾಡ್ತಾನೇ ಇರ್ತೀವಿ ಮೇಡಂ. ಆದ್ರೆ ಇವರು ಮನೆಗೆ ಬಂದಾಗ ಮಾತಾಡೋಕೆ ಏನೂ ಉಳಿದಿರಲ್ಲ. ಎಲ್ಲಾ ಮೊದಲೇ ಗೊತ್ತಿರುತ್ತೆ," ಅಂದರು ಆಕೆ. ಗಂಡನ ದೂರು ಬೇರೆ. "ರಾತ್ರಿ 11.40ಕ್ಕೆ ಆನ್‌ಲೈನ್ ಇದ್ರಿ, ನನಗ್ಯಾಕೆ ಉತ್ತರ ಕೊಡಲಿಲ್ಲ ಅಂತ ಬೆಳಗ್ಗೆ ಎದ್ದ ಕೂಡಲೇ ವಿಚಾರಣೆ ಶುರು." ವಾಟ್ಸಾಪ್‌ನಲ್ಲಿ 2014ರಲ್ಲಿ ನೀಲಿ ಟಿಕ್ ಬಂತಲ್ಲ, ಈಗೀಗ ನನ್ನ ಬಳಿ ಬರುವ ಜಗಳಗಳಿಗೆ ಅದೂ ಒಂದು ಸಾಕ್ಷಿ.

ಹಿಂದಿನ ವಾರದ ಚಾಟನ್ನು ಅವರ ಕೈಲೇ ಜೋರಾಗಿ ಓದಿಸಿದೆ. "ತಲುಪಿದೆ." "ಸರಿ." "ಮೀಟಿಂಗ್." "ಹ್ಮ್." ಒಂದು ಹೆಬ್ಬೆರಳು. "ಕರೆಂಟ್ ಬಿಲ್ ಕಟ್ಟಿದೆ." ಮತ್ತೊಂದು ಹೆಬ್ಬೆರಳು. ಓದುತ್ತಾ ಓದುತ್ತಾ ಆಕೆಗೆ ನಗು ಬಂತು, ಆಮೇಲೆ ಕಣ್ಣಲ್ಲಿ ನೀರು. ಮಗುವಿಗೆ ಜ್ವರ ಬಂದ ರಾತ್ರಿಯೂ ಅದೇ ಸಾಲಿನಲ್ಲಿತ್ತು. "102 ಇದೆ." "ಮಾತ್ರೆ ಕೊಡು." ಹೆಬ್ಬೆರಳು. "ಆ ರಾತ್ರಿ ನನಗೆಷ್ಟು ಭಯ ಆಗಿತ್ತು ಗೊತ್ತಾ?" ಅಂತ ಕೇಳಿದರು. ಗಂಡನಿಗೆ ನಿಜಕ್ಕೂ ಗೊತ್ತಿರಲಿಲ್ಲ. 102 ಅನ್ನೋದು ಗೊತ್ತಿತ್ತು, ಅಷ್ಟೇ.

ಇಲ್ಲಿ ಫೋನನ್ನು ಬೈದು ಪ್ರಯೋಜನವಿಲ್ಲ. ಅದಿಲ್ಲದಿದ್ದರೆ ಅವರಿಗೆ 102 ಕೂಡ ತಿಳಿಯುತ್ತಿರಲಿಲ್ಲ, ಅಲ್ವಾ? ನಾನು ಅವರಿಗೆ ಹೇಳಿದ್ದು ಬೇರೆ ಸಂಗತಿ. ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಸಂಶೋಧಕರು 2012ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಹೆಣ್ಣುಮಕ್ಕಳಿಗೆ ಎಲ್ಲರೆದುರು ಭಾಷಣ, ಲೆಕ್ಕ ಅಂತ ಕೊಟ್ಟು ಗಾಬರಿಪಡಿಸಿ, ಆಮೇಲೆ ಅಮ್ಮನ ಜೊತೆ ಮಾತಿಗೆ ಬಿಟ್ಟರು. ಎದುರಲ್ಲೋ ಫೋನಲ್ಲೋ ಅಮ್ಮನ ದನಿ ಕೇಳಿದವರಲ್ಲಿ ಒತ್ತಡದ ಹಾರ್ಮೋನು ಕಾರ್ಟಿಸಾಲ್ ಇಳಿಯಿತು. ಬರೀ ಮೆಸೇಜ್ ಮಾಡಿದವರಲ್ಲಿ ಅದು ಅಮ್ಮನ ಸಂಪರ್ಕವೇ ಇಲ್ಲದ ಮಕ್ಕಳಷ್ಟೇ ಇತ್ತು. ಗಂಡ ಹೆಂಡತಿಗೂ ಹೀಗೇ ಅಂತ ಆ ಅಧ್ಯಯನ ಹೇಳುವುದಿಲ್ಲ. ನನ್ನ ಅನುಭವ ಮಾತ್ರ ಹೌದು ಅನ್ನುತ್ತದೆ.

ಹಾಗಾಗಿ ಸಲಹೆ ಇಷ್ಟೇ. ಸುದ್ದಿಗೆ ಮೆಸೇಜ್ ಸಾಕು. ಭಯ, ಬೇಜಾರು, ಖುಷಿ ಇದ್ದರೆ ಕಾಲ್ ಮಾಡಿ. ದಿನಕ್ಕೊಮ್ಮೆ 10 ನಿಮಿಷ, ಕೈಯಲ್ಲಿ ಬೇರೆ ಕೆಲಸ ಇಟ್ಟುಕೊಳ್ಳದೆ. ಏನಾದರೂ ಒಳ್ಳೆ ವಿಷಯ ಸಿಕ್ಕರೆ ತಕ್ಷಣ ಟೈಪ್ ಮಾಡಬೇಡಿ, ಚೀಟಿಯಲ್ಲಿ ಬರೆದಿಟ್ಟುಕೊಂಡು ಮನೆಗೆ ಬಂದಾಗ ಬಾಯಲ್ಲೇ ಹೇಳಿ. ಲಾಸ್ಟ್ ಸೀನ್ ಆಫ್ ಮಾಡಿ ಅಂತಲೂ ಅಂದೆ. "ಆಫ್ ಮಾಡಿದ್ರೆ ಇನ್ನೂ ಜಾಸ್ತಿ ಅನುಮಾನ ಬರುತ್ತೆ," ಅಂದರು ಆಕೆ. ಒತ್ತಾಯ ಮಾಡಲಿಲ್ಲ. ಮನೆಯಲ್ಲಿ ಫೋನೇ ಮುಟ್ಟಬಾರದು ಅನ್ನೋ ನಿಯಮವನ್ನಂತೂ ನಾನು ಹಾಕುವುದಿಲ್ಲ. ಯಾರು ಮೊದಲು ಮುಟ್ಟಿದ್ದು ಅಂತ ಅದರಿಂದಲೇ ಹೊಸ ಜಗಳ ಹುಟ್ಟುವುದನ್ನು ಸಾಕಷ್ಟು ನೋಡಿದ್ದೇನೆ.

ಮೊದಲ ವಾರ ಕಾಲ್ ನಾಲ್ಕು ನಿಮಿಷ ದಾಟಲಿಲ್ಲವಂತೆ. ಮೂರನೇ ವಾರ ಗಂಡ "ಹಲೋ" ಅಂದ ಕೂಡಲೇ ಆಕೆ "ನೆಗಡಿ ಆಗಿದೆಯಾ?" ಅಂತ ಕೇಳಿದರಂತೆ. ಎರಡು ದಿನದಿಂದ ಮೆಸೇಜಿನಲ್ಲಿ ಅವರು "ಆರಾಮ್" ಅಂತಲೇ ಬರೆಯುತ್ತಿದ್ದರು. ಯಾಕೆ ಮುಚ್ಚಿಟ್ಟಿರಿ ಅಂತ ಜಗಳವೂ ಆಯಿತು, ಪೂರಾ 25 ನಿಮಿಷ. ಇದನ್ನು ನನಗೆ ಹೇಳುವಾಗ ಒಬ್ಬರ ಮಾತಿಗೆ ಇನ್ನೊಬ್ಬರು ಅಡ್ಡ ಬರುತ್ತಿದ್ದರು. ನಾನು ಪೆನ್ ಕೆಳಗಿಟ್ಟು ಸುಮ್ನೆ ಕೇಳುತ್ತಾ ಕೂತೆ. ಲಾಸ್ಟ್ ಸೀನ್ ವಿಷಯ ಇನ್ನೂ ಬಗೆಹರಿದಿಲ್ಲ. ಮುಂದಿನ ಭೇಟಿಗೆ ಅದನ್ನೇ ಇಟ್ಟುಕೊಂಡಿದ್ದೇವೆ.